ತಲೆ ಲೆಕ್ಕ, ಗಾಡಿ ಲೆಕ್ಕ

ರಾತ್ರಿ ಮಲಗುವ ಮೊದಲು ನೋಡಿದಾಗ ಒಂದು ಬೆಲೆ, ಬೆಳಗ್ಗೆ ಹಲ್ಲುಜ್ಜುತ್ತ ನೋಡಿದಾಗ ಇನ್ನೊಂದು. ಕೋಲಾರದ ಮಂಡಿಯಲ್ಲಿ ಟೊಮೆಟೊ ಬೆಲೆ ಏರಿದರೆ ಮಳೆಯೆಂದೋ ಲಾರಿ ಮುಷ್ಕರವೆಂದೋ ಒಂದು ನೆಪವಾದರೂ ಇರುತ್ತದೆ. ಇಂಗ್ಲಿಷ್ ಕಾಲುವೆಯ ತಳದಲ್ಲಿ ಕಾರು ದಾಟಿಸುವ ರೈಲಿನ ಟಿಕೆಟ್ಟಿಗೆ ರಾತ್ರೋರಾತ್ರಿ ಏನಾಗಿರಬಹುದು? ಸುರಂಗವೇನಾದರೂ ಉದ್ದ ಬೆಳೆಯಿತೇ? 1994ರಲ್ಲಿ ತೆರೆದಾಗಿನಿಂದ ಅದು 50 ಕಿಲೋಮೀಟರೇ. ಬಾಯ್ತುಂಬ ನೊರೆ ಇಟ್ಟುಕೊಂಡು ಇದನ್ನೆಲ್ಲ ಹೆಂಡತಿಗೆ ವಿವರಿಸಲು ಹೋದರೆ, "ಮೊದಲು ಉಗುಳಿ ಬನ್ನಿ ರೀ" ಎಂದಳು.

ಇಂಗ್ಲೆಂಡಿನ ರೆಡಿಂಗ್‌ನಲ್ಲಿ ಕೂತು ಪ್ಯಾರಿಸ್ಸಿನ ಪಕ್ಕದ ಡಿಸ್ನಿಲ್ಯಾಂಡಿಗೆ ಕಾರಿನಲ್ಲಿ, ಅದೂ ಕಡಿಮೆ ಖರ್ಚಿನಲ್ಲಿ, ಹೋಗಿಬರುವ ಯೋಜನೆಯನ್ನು ನಾವು ಚಳಿಗಾಲವಿಡೀ ಮಾಡಿದೆವು. ಇಲ್ಲಿನ ಬೆಲೆಗಳಿಗೆ ಶಾಲೆಯ ಕ್ಯಾಲೆಂಡರ್ ಬಾಯಿಪಾಠ. ಈಸ್ಟರ್ ರಜೆಯ ಹಿಂದಿನ ಮಂಗಳವಾರ ಸೌಮ್ಯವಾಗಿರುವ ಟಿಕೆಟ್ಟು ರಜೆ ಶುರುವಾದ ಶನಿವಾರ ಹುಲಿವೇಷ ಹಾಕಿಕೊಂಡು ನಿಂತಿರುತ್ತದೆ. ಹಾಗೆಂದು ಮಕ್ಕಳನ್ನು ಶಾಲೆ ತಪ್ಪಿಸಿ ಕರೆದೊಯ್ದರೆ ದಂಡ. ಮಗುವೊಂದಕ್ಕೆ ತಂದೆಗೆ 80 ಪೌಂಡ್, ತಾಯಿಗೆ ಇನ್ನೊಂದು 80. ಮೂರು ವಾರದಲ್ಲಿ ಕಟ್ಟದಿದ್ದರೆ 160. ದಂಡ ಕಟ್ಟಿಯೂ ಟಿಕೆಟ್ಟಿನಲ್ಲಿ ಉಳಿಯುತ್ತದೆ ಎಂದು ಲೆಕ್ಕ ಹಾಕಿ ಹೊರಡುವ ಸಂಸಾರಗಳು ಇಲ್ಲಿ ಬೇಕಾದಷ್ಟಿವೆ. ನಾನೂ ಆ ಲೆಕ್ಕವನ್ನು ಹಾಳೆಯ ಮೂಲೆಯಲ್ಲಿ ಹಾಕಿ ನೋಡುತ್ತಿದ್ದೆ. ಆದರೆ ನನ್ನ ಹೆಂಡತಿ ಕೆಲಸ ಮಾಡುವುದೇ ಶಾಲೆಯಲ್ಲಿ. ಅವಳು ನನ್ನ ಹೆಗಲ ಮೇಲಿಂದ ಹಾಳೆ ನೋಡಿದಳು, ಏನೂ ಅನ್ನಲಿಲ್ಲ. ನಾನು ಆ ಮೂಲೆಯನ್ನು ಅಳಿಸಿದೆ.

ಈ ಲೆಕ್ಕದ ಚಟ ನನಗೆ ಪಿತ್ರಾರ್ಜಿತ. ಅಪ್ಪ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ದಸರೆಗೆ ನಮ್ಮನ್ನು ಮೈಸೂರಿಗೆ ಕರೆದೊಯ್ಯುವ ಕಾರ್ಯಕ್ರಮ ಗಣೇಶನ ಹಬ್ಬದ ಹೊತ್ತಿಗೇ ಅವರ ಉದ್ದನೆಯ ನೋಟ್‌ಬುಕ್ಕಿನಲ್ಲಿ ತಯಾರಾಗುತ್ತಿತ್ತು. ಬಸ್ಸಿಗೆ ಇಷ್ಟು, ವಸ್ತುಪ್ರದರ್ಶನದ ಪ್ರವೇಶಕ್ಕೆ ಇಷ್ಟು, ಡೆಲ್ಲಿ ಹಪ್ಪಳಕ್ಕೆ ಇಷ್ಟು, "ಇತರೆ" ಎಂಬ ಕಾಲಮ್ಮಿಗೆ ಇಷ್ಟು. ಇತರೆ ಎಂದರೆ ಏನು ಎಂದು ನಾನು ಕೇಳಿದರೆ "ನೀನು ಹಟ ಮಾಡಿದರೆ ಕೊಡಿಸುವುದು" ಎನ್ನುತ್ತಿದ್ದರು. ಹಟಕ್ಕೂ ಬಜೆಟ್ಟಿನಲ್ಲಿ ಜಾಗವಿತ್ತು, ಮೀರುವಂತಿರಲಿಲ್ಲ ಅಷ್ಟೆ.

ಬಸ್ಸಿನಲ್ಲಿ ನನ್ನ ವಯಸ್ಸು ಊರಿನಲ್ಲಿದ್ದಷ್ಟು ಇರುತ್ತಿರಲಿಲ್ಲ. ಕಂಡಕ್ಟರು ಹತ್ತಿರ ಬರುತ್ತಿದ್ದಂತೆ ಅಮ್ಮ "ಕಾಲು ಮಡಚ್ಕೊಂಡು ಕೂತ್ಕೋ" ಎನ್ನುತ್ತಿದ್ದಳು. ನಾನು ಕಾಲು ಮಡಚಿ, ಕತ್ತು ಕುಗ್ಗಿಸಿ, ಮುಖದಲ್ಲಿ ಸಾಧ್ಯವಾದಷ್ಟು ಶೈಶವವನ್ನು ತಂದುಕೊಳ್ಳುತ್ತಿದ್ದೆ. ಒಬ್ಬ ಕಂಡಕ್ಟರು ನನ್ನನ್ನೇ ನೋಡುತ್ತ, "ಯಾವ ಕ್ಲಾಸು ಮರಿ?" ಎಂದು ಕೇಳಿದರು. ಓದಿನಲ್ಲಿ ಚುರುಕಾಗಿದ್ದ ನಾನು ಹೆಮ್ಮೆಯಿಂದ ಕ್ಲಾಸು, ಸೆಕ್ಷನ್ನು, ರ‍್ಯಾಂಕು ಎಲ್ಲ ಹೇಳಿದೆ. ಅಪ್ಪ ಮಾತಿಲ್ಲದೆ ಜೇಬಿಗೆ ಕೈ ಹಾಕಿ ಅರ್ಧ ಟಿಕೆಟ್ಟಿನ ದುಡ್ಡು ತೆಗೆದರು. ಆ ವರ್ಷದ "ಇತರೆ" ಅಲ್ಲಿಗೆ ಮುಗಿಯಿತು.

ವಸ್ತುಪ್ರದರ್ಶನದ ಒಳಗೆ ಜೈಂಟ್ ವೀಲ್ ಇರುತ್ತಿತ್ತು. ಅದರ ಕೆಳಗೆ ನಿಂತು ನಾನು ಕತ್ತೆತ್ತಿದರೆ ಅಪ್ಪ ಪಕ್ಕದಲ್ಲಿ ನಿಂತು ತಾವೂ ಕತ್ತೆತ್ತುತ್ತಿದ್ದರು. ದೀಪಗಳು ತಿರುಗುವುದು, ಮೇಲಿನವರು ಕಿರುಚುವುದು, ಯಾರದೋ ಚಪ್ಪಲಿ ಬೀಳುವುದು ಎಲ್ಲವನ್ನೂ ನೋಡಿ, "ಕೆಳಗಿಂದ ನೋಡಿದ್ರೇ ಚೆಂದ ಕಣೋ. ಮೇಲೆ ಕೂತೋರಿಗೆ ಇದೆಲ್ಲ ಎಲ್ಲಿ ಕಾಣುತ್ತೆ?" ಎನ್ನುತ್ತಿದ್ದರು. ಬಹಳ ಕಾಲ ನಾನಿದನ್ನು ಸೌಂದರ್ಯಶಾಸ್ತ್ರದ ಮಾತೆಂದೇ ನಂಬಿದ್ದೆ.

ಡಿಸ್ನಿಲ್ಯಾಂಡಿನ ವಿಷಯಕ್ಕೆ ಬಂದರೆ, ಅಲ್ಲಿ ಹನ್ನೆರಡು ತುಂಬಿದವರೆಲ್ಲ ದೊಡ್ಡವರು. ಮೂರರಿಂದ ಹನ್ನೊಂದರವರೆಗೆ ಮಕ್ಕಳ ಟಿಕೆಟ್ಟು, ಮೂರರೊಳಗೆ ಪುಕ್ಕಟೆ. ಮಕ್ಕಳ ಟಿಕೆಟ್ಟೆಂದರೆ ನಮ್ಮ ಬಸ್ಸಿನ ಹಾಗೆ ಅರ್ಧ ಅಲ್ಲ. ಹೆಸರಿಗೆ ಒಂದಿಷ್ಟು ಕಡಿಮೆ. ಆದರೂ ಕಡಿಮೆ ಕಡಿಮೆಯೇ. ನಮ್ಮ ಮಗಳಿಗೆ ಬೇಸಿಗೆಯಲ್ಲಿ ಹನ್ನೆರಡು ತುಂಬುವುದಿತ್ತು. ಹಾಗಾಗಿ ಈಸ್ಟರ್ ದಾಟಿಸುವಂತಿರಲಿಲ್ಲ. ಇದನ್ನು ಮೈಸೂರಿನಲ್ಲಿರುವ ಅಮ್ಮನಿಗೆ ವಿಡಿಯೋ ಕರೆಯಲ್ಲಿ ಹೇಳಿದಾಗ, "ಅಯ್ಯೋ, ಯಾವಾಗ ಹೋದ್ರೂ ಹನ್ನೊಂದು ಅಂದ್ರಾಯ್ತಪ್ಪ" ಎಂದಳು. ಮಗಳು ಫೋನಿನೊಳಕ್ಕೆ ಮುಖ ತೂರಿಸಿ, "ಅಜ್ಜೀ, ದಟ್ ಈಸ್ ಫ್ರಾಡ್" ಎಂದಳು. ಅಮ್ಮ ಮರುಮಾತಿಲ್ಲದೆ ನನ್ನತ್ತ ನೋಡಿದಳು. ಕಾಲು ಮಡಚಿ ಕೂತಿದ್ದ ಮಗ ಇಂಥ ಸತ್ಯಸಂಧ ಸಂತಾನವನ್ನು ಹೇಗೆ ಪಡೆದ ಎಂಬ ಬೆರಗು ಅವಳ ಮುಖದಲ್ಲಿತ್ತು.

ವಿಮಾನವೆಂದರೆ ತಲೆ ಲೆಕ್ಕ. ರೈಲಿನದೂ ಅದೇ ಕಥೆ, ಜೊತೆಗೆ ಲಂಡನ್ನಿನಿಂದ ಡಿಸ್ನಿಲ್ಯಾಂಡಿನ ಬಾಗಿಲಿಗೇ ಬಿಡುತ್ತಿದ್ದ ನೇರ ಯೂರೋಸ್ಟಾರ್ 2023ರ ಜೂನ್‌ನಲ್ಲಿ ನಿಂತುಹೋಗಿದೆ. ಈಗ ಲೀಲ್‌ನಲ್ಲಿ ಇಳಿದು, ಸೂಟ್‌ಕೇಸು ಮತ್ತು ಮಕ್ಕಳನ್ನು ಎಣಿಸಿಕೊಂಡು, ಇನ್ನೊಂದು ರೈಲು ಹತ್ತಬೇಕು. ಸುರಂಗದ ರೈಲಿನ ಪದ್ಧತಿ ಮಾತ್ರ ಬೇರೆ. ಫೋಕ್‌ಸ್ಟನ್‌ನಲ್ಲಿ ಕಾರನ್ನು ಅದರ ಹೊಟ್ಟೆಗೆ ನುಗ್ಗಿಸಿ, ಕಾರಿನಲ್ಲೇ ಕೂತು, 35 ನಿಮಿಷಕ್ಕೆ ಕಲೈನಲ್ಲಿ ಹೊರಬರುವುದು. ದುಡ್ಡು ಕಾರಿಗೆ. ಒಳಗೆ ಒಬ್ಬರಿರಲಿ, ಒಂಬತ್ತು ಜನರಿರಲಿ, ಅಷ್ಟೇ.

ಇದನ್ನು ಕೇಳಿ ಅಮ್ಮನಿಗಾದ ಸಂತೋಷ ಅಷ್ಟಿಷ್ಟಲ್ಲ. "ತಲೆ ಲೆಕ್ಕ ಇಲ್ವಾ? ಹಾಗಾದ್ರೆ ನಾನೂ ಬರ್ತೀನಿ" ಎಂದಳು. ಅಪ್ಪ ಇದ್ದಿದ್ದರೆ ಬೀದಿಯವರನ್ನೆಲ್ಲ ಕರೆದು ಒಂಬತ್ತು ಭರ್ತಿ ಮಾಡುತ್ತಿದ್ದರು ಎಂದೂ ಸೇರಿಸಿದಳು.

ಆದರೆ ಕಾರು ಪುಕ್ಕಟೆ ಒಯ್ಯುವ ತಲೆಯನ್ನು ಫ್ರಾನ್ಸ್ ಪುಕ್ಕಟೆ ಬಿಟ್ಟುಕೊಳ್ಳುವುದಿಲ್ಲ. ಮಕ್ಕಳಿಬ್ಬರದೂ ಬ್ರಿಟಿಷ್ ಪಾಸ್‌ಪೋರ್ಟು, ಅವರಿಗೆ ವೀಸಾ ಬೇಡ. ನಾವಿಬ್ಬರೂ ಭಾರತದ ಪಾಸ್‌ಪೋರ್ಟಿನವರು. ಇಂಗ್ಲೆಂಡಿನಲ್ಲಿ ಎಷ್ಟು ವರ್ಷ ತೆರಿಗೆ ಕಟ್ಟಿದ್ದರೂ ಷೆಂಗೆನ್ ವೀಸಾ ತಪ್ಪದು. ತಲೆಗೆ 90 ಯೂರೋ. ಮೂರು ತಿಂಗಳ ಬ್ಯಾಂಕಿನ ಲೆಕ್ಕ, 30,000 ಯೂರೋಗೆ ಕಡಿಮೆಯಿಲ್ಲದ ವಿಮೆ, ಉಳಿಯುವ ಜಾಗದ ಪುರಾವೆ, ಮರಳಿ ಹೋಗುತ್ತೇವೆಂಬ ನಂಬಿಕೆ ಹುಟ್ಟಿಸುವ ಕಾಗದಗಳು. ಮಿಕ್ಕಿ ಮೌಸ್‌ನನ್ನು ನೋಡಲು ಹೋಗುವವನು ಅಲ್ಲೇ ನೆಲೆಸಿಬಿಡುವುದಿಲ್ಲ ಎಂದು ಸಾಬೀತು ಮಾಡಲು ಒಂದು ಫೈಲು ತುಂಬಿತು. ಅಮ್ಮನದು ಇನ್ನೊಂದು ದಾರಿ. ಇಲ್ಲಿಗೆ ಬಂದ ಮೇಲೆ ಅರ್ಜಿ ಹಾಕುವುದು ತೊಡಕಾದ್ದರಿಂದ ಹೊರಡುವ ಮೊದಲೇ ಬೆಂಗಳೂರಿಗೆ ಹೋಗಿ ಬೆರಳಚ್ಚು ಕೊಟ್ಟು ಬಂದಳು. ಕೊಡುವಾಗ ಯಂತ್ರಕ್ಕೆ ಅವಳ ಬೆರಳು ಕಾಣಲೇ ಇಲ್ಲವಂತೆ. "ಇಷ್ಟು ವರ್ಷ ಪಾತ್ರೆ ಉಜ್ಜಿದ್ದೀನಿ, ಗೆರೆ ಎಲ್ಲಿರುತ್ತೆ?" ಎಂದು ಅಲ್ಲಿದ್ದ ಹುಡುಗಿಗೆ ಕೇಳಿದಳಂತೆ. ಹುಡುಗಿ ಒದ್ದೆ ಬಟ್ಟೆಯಲ್ಲಿ ಬೆರಳೊರೆಸಿ ಮತ್ತೆ ಒತ್ತಿಸಿದಳು.

ಇನ್ನು ಬುತ್ತಿ. ಉಳಿತಾಯದ ಪ್ರವಾಸದ ನಿಜವಾದ ಪ್ರಾಣ ಇರುವುದು ಬುತ್ತಿಯಲ್ಲಿ ಎಂಬುದರಲ್ಲಿ ನಮ್ಮ ಮನೆಯಲ್ಲಿ ಭಿನ್ನಾಭಿಪ್ರಾಯವಿಲ್ಲ. ಅಮ್ಮ ಬಂದಿಳಿದ ವಾರವೇ ಪಟ್ಟಿ ಮಾಡಿದಳು: ಮೊದಲ ಮಧ್ಯಾಹ್ನಕ್ಕೆ ಪುಳಿಯೋಗರೆ, ಮೊಸರನ್ನ, ರಾತ್ರಿಗೆ ಚಪಾತಿ, ಗಟ್ಟಿ ಪಲ್ಯ, ನಡುವೆ ಕೋಡುಬಳೆ, ನಿಪ್ಪಟ್ಟು. ಆಗ ನನ್ನ ಹೆಂಡತಿ, ನಿಯಮ ಓದುವ ಅಭ್ಯಾಸವಿರುವವಳು, ಮೆಲ್ಲಗೆ ಸುದ್ದಿ ಒಡೆದಳು. ಬ್ರಿಟನ್ ಯೂರೋಪಿನ ಒಕ್ಕೂಟ ಬಿಟ್ಟ ಮೇಲೆ, 2021ರಿಂದ, ಇಲ್ಲಿಂದ ಅಲ್ಲಿಗೆ ಪ್ರಯಾಣಿಕರು ಮಾಂಸವನ್ನಾಗಲಿ ಹಾಲಿನ ಪದಾರ್ಥವನ್ನಾಗಲಿ ಒಯ್ಯುವಂತಿಲ್ಲ. ಮೊದಲ ತಿಂಗಳಲ್ಲೇ ಹಾಲೆಂಡಿನ ಬಂದರಿನಲ್ಲಿ ಲಾರಿ ಚಾಲಕರ ಹ್ಯಾಮ್ ಸ್ಯಾಂಡ್‌ವಿಚ್ಚುಗಳನ್ನು ಕಸಿದುಕೊಂಡದ್ದು ಟಿವಿಯಲ್ಲೆಲ್ಲ ಬಂದಿತ್ತು.

"ಮಾಂಸ ನಮಗ್ಯಾಕೆ?" ಎಂದಳು ಅಮ್ಮ.

"ಮಾಂಸ ಅಲ್ಲ ಅತ್ತೆ, ಮೊಸರು."

ಅಮ್ಮ ಕೂತಲ್ಲೇ ಕೂತಳು. ಮೊಸರನ್ನವಿಲ್ಲದೆ ಸಮುದ್ರ ದಾಟುವುದೇ? ವಿಮಾನದಲ್ಲಿ ಏಳು ಸಮುದ್ರ ದಾಟಿ ಬಂದವಳಿಗೆ ಈ 35 ನಿಮಿಷದ ಸಮುದ್ರ ಹೆಚ್ಚು ಅಗಲವಾಗಿ ಕಂಡಿರಬೇಕು. ತುಪ್ಪ? ಇಲ್ಲ. ಮಜ್ಜಿಗೆ ಮೆಣಸಿನಕಾಯಿ? ಅದು ಹಾಲಿನ ಪದಾರ್ಥವೋ ಮೆಣಸಿನಕಾಯಿಯೋ ಎಂಬುದನ್ನು ಬ್ರಸೆಲ್ಸ್‌ನವರು ಯೋಚಿಸಿದಂತೆ ಕಾಣಲಿಲ್ಲ. ಮೈಸೂರು ಪಾಕಿನ ಪ್ರಶ್ನೆ ಇನ್ನೂ ಗಹನವಾದದ್ದು. ಸಿಹಿತಿಂಡಿ, ಬಿಸ್ಕತ್ತು, ಚಾಕೊಲೇಟುಗಳಿಗೆ ವಿನಾಯಿತಿ ಇದೆ. ಹಾಗಾದರೆ ಮೈಸೂರು ಪಾಕು ಸಿಹಿತಿಂಡಿಯೇ, ಇಲ್ಲ ಕಡಲೆಹಿಟ್ಟು ಬೆರೆತ ತುಪ್ಪವೇ? ಅಮ್ಮ ಮಾಡುವ ಮೈಸೂರು ಪಾಕನ್ನು ಮುಟ್ಟಿದ ಯಾವ ಅಧಿಕಾರಿಯೂ ಎರಡನೆಯ ತೀರ್ಮಾನಕ್ಕೇ ಬರುತ್ತಿದ್ದ. ವಿವಾದಕ್ಕೆ ಅವಕಾಶ ಕೊಡದೆ ಅದನ್ನು ಫೋಕ್‌ಸ್ಟನ್‌ಗೆ ಮುಂಚೆಯೇ ಕಾರಿನೊಳಗೆ ಇತ್ಯರ್ಥ ಮಾಡುವುದೆಂದಾಯಿತು.

ಹಣ್ಣು ತರಕಾರಿಯದೂ ತಕರಾರೇ. ಸೌತೆಕಾಯಿ, ಹಸಿಮೆಣಸಿನಕಾಯಿ, ಸೇಬು, ಇವಕ್ಕೆಲ್ಲ ರೋಗವಿಲ್ಲವೆಂಬ ಸರ್ಟಿಫಿಕೇಟು ಬೇಕು. ವಿನಾಯಿತಿ ಇರುವುದು ಐದೇ ಐದಕ್ಕೆ: ಅನಾನಸ್, ಖರ್ಜೂರ, ಡ್ಯೂರಿಯನ್, ಬಾಳೆಹಣ್ಣು, ತೆಂಗಿನಕಾಯಿ. ಹೆಂಡತಿ ಈ ಪಟ್ಟಿಯನ್ನು ಓದಿದಾಗ ಅಮ್ಮನ ಮುಖ ಅರಳಿತು. "ನೋಡಿದ್ಯಾ, ಹಣ್ಣುಕಾಯಿಗೆ ಅಡ್ಡಿ ಇಲ್ಲ!" ಯೂರೋಪಿನ ಅಷ್ಟೂ ದೇಶಗಳು ಕೂಡಿ ಕೂತು ತೆಗೆದ ನಿಯಮದಲ್ಲಿ ನಮ್ಮ ದೇವಸ್ಥಾನದ ತಟ್ಟೆಗೊಂದು ದಾರಿ ಉಳಿದುಬಿಟ್ಟಿತ್ತು. ಪುಳಿಯೋಗರೆಯಂತೂ ನಿಷ್ಕಳಂಕ: ಹುಣಸೆ, ಬೆಲ್ಲ, ಎಳ್ಳು, ಕಡಲೆಬೀಜ, ಒಣಮೆಣಸಿನಕಾಯಿ, ಎಣ್ಣೆ. ನಮ್ಮ ಹಿರಿಯರು ಪ್ರಯಾಣಕ್ಕೆ ಅದನ್ನೇ ಕಟ್ಟಿಕೊಂಡು ಹೋಗುತ್ತಿದ್ದದ್ದು ಕೆಡುವುದಿಲ್ಲ ಎಂಬ ಕಾರಣಕ್ಕೆ. ಈಗ ಅದಕ್ಕೆ ಕಸ್ಟಮ್ಸಿನ ಒಪ್ಪಿಗೆಯೂ ಸೇರಿತು.

ಊಟದ ವಿಷಯದಲ್ಲಿ ಮನುಷ್ಯರು ರಾಜಿಯಾಗುವುದಿಲ್ಲ ಎಂಬುದನ್ನು ಡಿಸ್ನಿಯವರೂ ಕೈಸುಟ್ಟುಕೊಂಡೇ ತಿಳಿದರು. 1992ರ ಏಪ್ರಿಲ್ 12ರಂದು ಯೂರೋ ಡಿಸ್ನಿ ಎಂಬ ಹೆಸರಿನಲ್ಲಿ ಅದು ತೆರೆದಾಗ ಪಾರ್ಕಿನೊಳಗೆ ಮದ್ಯವಿರಲಿಲ್ಲ. ಅಮೆರಿಕದ ಡಿಸ್ನಿಲ್ಯಾಂಡಿನ ಶಿಸ್ತು. ಫ್ರೆಂಚರಿಗೆ ಮಧ್ಯಾಹ್ನದ ಊಟದ ಜೊತೆ ಒಂದು ಲೋಟ ವೈನ್ ಇಲ್ಲವೆಂದರೆ ಹೇಗಿರುತ್ತದೆ ಎಂಬುದು ನಮ್ಮಮ್ಮನಿಗೆ ಅರ್ಥವಾಗುವಷ್ಟು ಚೆನ್ನಾಗಿ ಆ ಕಂಪನಿಗೆ ಅರ್ಥವಾಗಿರಲಿಲ್ಲ. ಶುರುವಿನ ವರ್ಷಗಳಲ್ಲಿ ಪಾರ್ಕು ನಷ್ಟದ ಮೇಲೆ ನಷ್ಟ ಕಂಡಿತು. 1993ರಲ್ಲಿ ವೈನ್ ಒಳಗೆ ಬಂತು. ಮೊಸರನ್ನ ಇನ್ನೂ ಬಂದಿಲ್ಲ.

ಉಳಿಯುವುದಕ್ಕೆ ಪಾರ್ಕಿನದೇ ಮಹಲಿನಂಥ ಹೋಟೆಲುಗಳಿವೆ, ಅವುಗಳ ಚಿತ್ರಗಳನ್ನು ನೋಡಿದೆವು. ಕೊನೆಗೆ ಹಿಡಿದದ್ದು ಸ್ವಲ್ಪ ದೂರದ ಕಾಡಿನಲ್ಲಿರುವ ಡೇವಿ ಕ್ರಾಕೆಟ್ ರ‍್ಯಾಂಚ್. ಮರದ ಗುಡಿಸಲುಗಳು, ಪ್ರತಿಯೊಂದರಲ್ಲೂ ಅಡುಗೆಮನೆ. ಪಾರ್ಕಿಗೆ ಬಸ್ಸಿಲ್ಲ, ಸ್ವಂತ ಕಾರು ಬೇಕು. ಆದ್ದರಿಂದಲೇ ಉಳಿದವುಗಳಿಗಿಂತ ಅಗ್ಗ. ಅಡುಗೆಮನೆ ಇದೆ ಎಂದ ಕೂಡಲೇ ಅಮ್ಮ ಕುಕ್ಕರ್ ತೆಗೆದು ಹೊರಗಿಟ್ಟಳು. ಹೆಂಡತಿ ಬೇಡವೆಂದಳು, ಮಗಳು ನಾಚಿಕೆಯಾಗುತ್ತದೆ ಎಂದಳು, ಕುಕ್ಕರ್ ಡಿಕ್ಕಿಯಲ್ಲಿ ಎಲ್ಲಕ್ಕಿಂತ ಮೊದಲು ಕೂತಿತು.

ಕಾರಿಗೂ ಒಂದು ಪಟ್ಟಿ ಇತ್ತು. ಹಿಂದೆ ಯುಕೆ ಎಂಬ ಅಂಟುಚೀಟಿ, ಹೆಡ್‌ಲೈಟಿನ ಬೆಳಕು ಎದುರಿನವರ ಕಣ್ಣಿಗೆ ಹೊಡೆಯದಂತೆ ಅದಕ್ಕೊಂದು ಚೀಟಿ, ಕೆಂಪು ತ್ರಿಕೋನ, ಹೊಳೆಯುವ ಹಳದಿ ಜಾಕೆಟ್ಟು. ಮಗ ಆ ಜಾಕೆಟ್ಟನ್ನು ಹೊರಡುವ ಮುನ್ನಾದಿನದಿಂದಲೇ ತೊಟ್ಟು ಮಲಗಿದ. ಇದೆಲ್ಲ ಅಂಗಡಿಯಲ್ಲಿ ಸಿಗುತ್ತದೆ. ಅಂಗಡಿಯಲ್ಲಿ ಸಿಗದಿರುವುದು ರಸ್ತೆಯ ಬಲಗಡೆಗೆ ಒಗ್ಗುವ ಮನಸ್ಸು. ಕಲೈನಲ್ಲಿ ಕಾರು ಹೊರಬಿದ್ದದ್ದೇ ಹೆಂಡತಿ "ಬಲಕ್ಕೆ, ಬಲಕ್ಕೆ" ಎಂದು ಜಪ ಶುರುಮಾಡಿದಳು. ಅಮ್ಮನ ತಕರಾರು ಬೇರೆಯೇ. ಇಂಗ್ಲೆಂಡಿನಲ್ಲಿ ಪ್ರತಿ ವೃತ್ತವನ್ನೂ ಬಲಕ್ಕಿಟ್ಟುಕೊಂಡು ಸುತ್ತುತ್ತಾರೆ, ಸರಿಯಾದ ಪ್ರದಕ್ಷಿಣೆ. ಅದನ್ನವಳು ರೆಡಿಂಗಿಗೆ ಬಂದ ದಿನವೇ ಗಮನಿಸಿ ಮೆಚ್ಚಿದ್ದಳು. ಫ್ರಾನ್ಸಿನಲ್ಲಿ ಎಲ್ಲ ತಿರುಗುಮುರುಗು. "ಇವರದ್ದು ಅಪ್ರದಕ್ಷಿಣೆ ಕಣೋ" ಎಂದು ಮೊದಲ ವೃತ್ತದಲ್ಲೇ ಹೇಳಿದಳು. ಮುಂದಿನ ವೃತ್ತಗಳಲ್ಲಿ ಮಾತಾಡಲಿಲ್ಲ, ಕಣ್ಣು ಮುಚ್ಚಿಕೊಂಡಳು.

ಫ್ರಾನ್ಸಿನ ಟೋಲಿನಲ್ಲಿ ಯಂತ್ರ ಎಡಕ್ಕಿರುತ್ತದೆ, ನಮ್ಮ ಕಾರಿನ ಸ್ಟಿಯರಿಂಗ್ ಬಲಕ್ಕೆ. ಹಾಗಾಗಿ ದುಡ್ಡು ಕೊಡುವ ಅಧಿಕಾರ ತಾನಾಗಿಯೇ ಹೆಂಡತಿಗೆ ಹೋಯಿತು. ಅವಳು ಕಿಟಕಿಯಿಂದ ಅರ್ಧ ಮೈ ಹೊರಹಾಕಿ ಚೀಟಿ ಎಳೆದುಕೊಳ್ಳುವಾಗ ಹಿಂದಿನ ಕಾರುಗಳ ಫ್ರೆಂಚರು ಅಚ್ಚರಿಯೆನಿಸುವಷ್ಟು ತಾಳ್ಮೆ ತೋರಿದರು. ಈ ಎ26 ಹೆದ್ದಾರಿಗೆ ಅಲ್ಲಿನವರು ಇಂಗ್ಲಿಷರ ಹೆದ್ದಾರಿ ಎಂದೇ ಅನ್ನುತ್ತಾರೆ, ಅವರಿಗೆ ಅಭ್ಯಾಸವಾಗಿರಬೇಕು. ಪ್ಯಾರಿಸ್ಸಿನ ಕಡೆಗೆ ಹೋಗುವಷ್ಟರಲ್ಲಿ ಟೋಲು 20 ಯೂರೋ ದಾಟುತ್ತದೆ. ಬೆಂಗಳೂರು–ಮೈಸೂರು ಹೆದ್ದಾರಿಗೆ 2023ರಲ್ಲಿ ಟೋಲ್ ಬಂದಾಗಿನಿಂದ ಅಮ್ಮನಿಗೆ ಈ ವಿಷಯದಲ್ಲಿ ಖಚಿತ ಅಭಿಪ್ರಾಯಗಳಿವೆ. "ಅಲ್ಲಿ ಟೋಲೂ ಕಟ್ಟಬೇಕು, ಮದ್ದೂರು ವಡೇನೂ ಸಿಗಲ್ಲ, ದಾರಿ ಊರಾಚೆ ಹೋಗ್ಬಿಡುತ್ತೆ" ಎಂದಳು. ಇಲ್ಲಿಯೂ ವಡೆ ಇರಲಿಲ್ಲ. ಆದರೆ ದಾರಿಯುದ್ದಕ್ಕೂ ಮರದ ನೆರಳು, ಮೇಜು ಬೆಂಚು, ಪುಕ್ಕಟೆ ಶೌಚಾಲಯ ಇರುವ ತಂಗುದಾಣಗಳಿವೆ. ನಾವು ಪುಳಿಯೋಗರೆ ಬಿಚ್ಚಿದ ಕಡೆ, ಪಕ್ಕದ ಮೇಜಿನಲ್ಲಿ ಒಂದು ಫ್ರೆಂಚ್ ಸಂಸಾರ ಇಸ್ತ್ರಿ ಮಾಡಿದ ಬಟ್ಟೆ ಹಾಸಿ, ಮನೆಯಿಂದ ತಂದ ಡಬ್ಬಿಗಳನ್ನು ಒಂದೊಂದಾಗಿ ತೆಗೆದಿಡುತ್ತಿತ್ತು. ಅವರಲ್ಲೊಬ್ಬ ಅಜ್ಜಿ ಎಲ್ಲರಿಗೂ ಬಡಿಸಿ ಕೊನೆಗೆ ತಾವು ತಿಂದರು. ಅಮ್ಮ ಅವರನ್ನು ನೋಡುತ್ತಲೇ ಇದ್ದಳು. "ಒಳ್ಳೇ ಜನ" ಎಂದಳು. ಅಪ್ರದಕ್ಷಿಣೆಗೆ ಕ್ಷಮೆ ಸಿಕ್ಕಿತು.

ಟಿಕೆಟ್ಟಿಲ್ಲದ ಜಾಗವೊಂದು ನನ್ನ ಹಾಳೆಯಲ್ಲಿತ್ತು. ಬೆಥೂನ್ ಬಳಿ ಹೆದ್ದಾರಿ ಬಿಟ್ಟು ಸ್ವಲ್ಪ ದೂರ ಹೋದರೆ ನವ್ ಶಾಪೆಲ್ ಎಂಬ ಹಳ್ಳಿ. 1915ರ ಮಾರ್ಚ್‌ನಲ್ಲಿ ಅಲ್ಲಿ ನಡೆದ ಕದನದಲ್ಲಿ ದಾಳಿಗಿಳಿದವರಲ್ಲಿ ಅರ್ಧದಷ್ಟು ಭಾರತದ ಸಿಪಾಯಿಗಳು. ಸಮಾಧಿಯ ಗುರುತೂ ಸಿಗದ 4,700ಕ್ಕೂ ಹೆಚ್ಚು ಭಾರತೀಯರ ಹೆಸರು ಅಲ್ಲಿನ ಗೋಡೆಯ ಮೇಲಿದೆ. 1927ರಲ್ಲಿ ಕಟ್ಟಿ ಮುಗಿಸಿದ ದುಂಡನೆಯ ಪ್ರಾಕಾರ, ಜಾಲಂಧ್ರದ ಕಲ್ಲುಕೆತ್ತನೆ, ಎತ್ತರದ ಕಂಬ, ಅದರ ಎರಡು ಪಕ್ಕಕ್ಕೂ ಕಲ್ಲಿನ ಹುಲಿ. ಸುತ್ತ ಹೊಲ. ಗಢವಾಲಿಗಳು, ಗೂರ್ಖಾಗಳು, ಪಂಜಾಬಿನವರು. ನಮ್ಮ ಮೈಸೂರಿನ ಕುದುರೆಪಡೆ ಹೋರಾಡಿದ್ದು ಇಲ್ಲಲ್ಲ, ಹೈಫಾದಲ್ಲಿ. ಅಮ್ಮ ಇಂಗ್ಲಿಷ್ ಅಕ್ಷರ ಕೂಡಿಸಿ ಕೂಡಿಸಿ ಒಂದು ಸಾಲಿನ ಹೆಸರುಗಳನ್ನು ಓದಿದಳು. ಮಗ ಹುಲಿಯ ಹತ್ತಿರ ಓಡಿದವನು ಏಕೋ ಜಾಕೆಟ್ಟು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡ. ಡಿಸ್ನಿಲ್ಯಾಂಡಿಗೆ ಹೋಗುವ ದಾರಿಯಲ್ಲಿ ಇಂಥ ಜಾಗಕ್ಕೆ ಕರೆತಂದದ್ದು ಸರಿಯೇ ಎಂದು ಹೆಂಡತಿ ಕಣ್ಣಲ್ಲೇ ಕೇಳಿದಳು. ನನ್ನ ಪ್ರಕಾರ ಸರಿ. ಇಷ್ಟು ದೂರದ ನೆಲದಲ್ಲಿ ನಮ್ಮ ಕಡೆಯವರಿದ್ದರೆ ಮಾತಾಡಿಸಿಕೊಂಡೇ ಮುಂದೆ ಹೋಗಬೇಕು.

ಡಿಸ್ನಿಲ್ಯಾಂಡಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹೋದವರಿಗೆ ಗೊತ್ತು, ಹೋಗದವರಿಗೆ ಅವರ ಮಕ್ಕಳು ಹೇಳಿರುತ್ತಾರೆ. ಗುಲಾಬಿ ಬಣ್ಣದ ಕೋಟೆಯ ಕೆಳಗೆ ಒಂದು ಗುಹೆ, ಅದರಲ್ಲಿ ಸರಪಳಿ ಹಾಕಿದ ಡ್ರ್ಯಾಗನ್ ಗುರುಗುಟ್ಟುತ್ತ ಮಲಗಿದೆ. ಅಮ್ಮನಿಗೆ ಹಿಡಿಸಿದ್ದು ಅದೊಂದೇ, ಸಾಲಿನಲ್ಲಿ ನಿಲ್ಲಬೇಕಿರಲಿಲ್ಲ. ಮಕ್ಕಳು ಬಿಗ್ ಥಂಡರ್ ಎಂಬ ಗಣಿ ರೈಲಿಗೆ ಓಡಿದರು. 1.02 ಮೀಟರ್ ಎತ್ತರವಿದ್ದರೆ ಸಾಕು. ವಯಸ್ಸು ಕೇಳುವುದಿಲ್ಲ, ಕಾಲು ಮಡಚಿದರೆ ನಷ್ಟ. ನಡುನೀರಿನ ದ್ವೀಪದ ಬೆಟ್ಟವನ್ನು ಸುತ್ತುವ ಆ ರೈಲು ಹೋಗುವಾಗಲೂ ಬರುವಾಗಲೂ ನೀರಿನಡಿಯ ಸುರಂಗದಲ್ಲೇ ನುಗ್ಗುತ್ತದೆ. ನನಗೆ ಫೋಕ್‌ಸ್ಟನ್ ಟಿಕೆಟ್ಟಿನ ಬೆಲೆ ನೆನಪಾಯಿತು.

ಅಮ್ಮ ಹತ್ತಲಿಲ್ಲ. ದಡದಲ್ಲಿ ಬೆಂಚಿನ ಮೇಲೆ ಕೂತು, ಕೈಚೀಲದಿಂದ ಕೋಡುಬಳೆ ತೆಗೆದು, ರೈಲು ಬೆಟ್ಟ ಹತ್ತುವುದನ್ನೂ ಜನ ಕಿರುಚುವುದನ್ನೂ ನೋಡಿದಳು. "ನಿಮ್ಮಪ್ಪ ಹೇಳ್ತಿದ್ದದ್ದು ನಿಜ. ಕೆಳಗಿಂದ ನೋಡಿದ್ರೇ ಚೆಂದ." ಸ್ವಲ್ಪ ಹೊತ್ತು ಬಿಟ್ಟು, "ಹತ್ತದೇ ಇರೋರಿಗೆ ಟಿಕೆಟ್ ಕಡಿಮೆ ಇರ್ಬೇಕಲ್ಲ?" ಎಂದು ಕೇಳಿದಳು.

ಇಲ್ಲ ಎಂದೆ. ಬಾಗಿಲಲ್ಲೇ ಎಲ್ಲರ ಹತ್ತಿರವೂ ಅಷ್ಟೇ ತೆಗೆದುಕೊಂಡಿದ್ದಾರೆ.

"ಕೆಳಗೆ ಕೂತು ನೋಡೋಕೂ ಅಷ್ಟೇ ದುಡ್ಡಾ?" ಅಮ್ಮ ಕೋಡುಬಳೆಯ ಪೊಟ್ಟಣ ಮಡಚಿ ಚೀಲಕ್ಕೆ ಹಾಕಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದಳು. ಮಕ್ಕಳು ಇಳಿದು ಬರುವಷ್ಟರಲ್ಲಿ ನಾವಿಬ್ಬರೂ ಸಾಲಿನಲ್ಲಿದ್ದೆವು.

ಒಟ್ಟು ಖರ್ಚು ನನ್ನ ಹಾಳೆಯ ಅಂದಾಜನ್ನು ಮೀರಿತು. ಮೀರಿದ್ದನ್ನೆಲ್ಲ "ಇತರೆ"ಗೆ ಹಾಕಿದ್ದೇನೆ. ನೀವೂ ಹೀಗೆ ಕಾರಿನಲ್ಲಿ ಹೊರಡುವುದಿದ್ದರೆ ಎಡಗಡೆಯ ಸೀಟಿನಲ್ಲಿ ತಾಳ್ಮೆಯಿರುವವರನ್ನು ಕೂರಿಸಿಕೊಳ್ಳಿ. ಗೊಜ್ಜು ಮನೆಯಿಂದ ಒಯ್ಯಿರಿ, ಮೊಸರನ್ನು ಆಚೆ ದಡದ ಅಂಗಡಿಯಲ್ಲಿ ಕೊಳ್ಳಿ. ಪುಟ್ಟ ಗಾಜಿನ ಲೋಟಗಳಲ್ಲಿ ಬರುತ್ತದೆ, ಚೆನ್ನಾಗಿ ಹೆಪ್ಪೂ ಆಗುತ್ತದೆ. ಉಳಿದರೆ ಅಲ್ಲೇ ತಿಂದು ಮುಗಿಸಿ ಬನ್ನಿ. 2025ರ ಏಪ್ರಿಲ್‌ನಿಂದ ಯೂರೋಪಿನ ಹಾಲು ಮೊಸರನ್ನು ಬ್ರಿಟನ್ನಿನೊಳಕ್ಕೂ ತರುವಂತಿಲ್ಲ.